ಕಾಲಂ ಬದಲಾಯಿಸೋ ಮುಂಚೆ ನಾಲ್ಕು ಜನರನ್ನ ಕೇಳಿ: ಗ್ರಾಹಕರ ಪಟ್ಟಿ, ಸದಸ್ಯರ ಪಟ್ಟಿ ಕೆಡದ ಹಾಗೆ ನೋಡಿಕೊಳ್ಳುವುದು ಹೇಗೆ?

ಹೋದ ಮಾವಿನ ಸೀಸನ್‌ನ ಮಾತು. ನಮ್ಮ ರೈತ ಉತ್ಪಾದಕ ಕಂಪನಿಯಿಂದ ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಿಗೆ ನೇರವಾಗಿ ಹಣ್ಣು ಕಳಿಸ್ತಾ ಇದ್ವಿ. ಒಂದು ಬಾಕ್ಸ್ ಅಂದ್ರೆ 3 ಕೆ.ಜಿ. ಆರ್ಡರ್ ವಾಟ್ಸಾಪ್‌ನಲ್ಲಿ ಬರುತ್ತೆ. ಆಫೀಸಿನ ಹುಡುಗ ಅದನ್ನ ಗೂಗಲ್ ಶೀಟ್‌ಗೆ ಹಾಕ್ತಾನೆ. ಸಂಜೆ ಪ್ಯಾಕಿಂಗ್ ಶೆಡ್‌ನವರು ತಮ್ಮ ಮೊಬೈಲ್‌ನಲ್ಲಿ ಶೀಟ್ ತೆಗೆದು, 'ಪ್ರಮಾಣ' ಅನ್ನೋ ಕಾಲಂ ನೋಡಿ ಅಷ್ಟು ಬಾಕ್ಸ್ ಕಟ್ಟುತ್ತಾರೆ. ಎರಡು ವಾರ ಎಲ್ಲ ಸರಿಯಾಗೇ ನಡೀತು.

ಮೂರನೇ ವಾರ ಕೆಲವು ಗ್ರಾಹಕರು "ಬಾಕ್ಸ್ ಲೆಕ್ಕ ಬೇಡ, ಕೆ.ಜಿ. ಲೆಕ್ಕ ಹೇಳಿ" ಅಂತ ಕೇಳೋಕೆ ಶುರು ಮಾಡಿದ್ರು. ಹುಡುಗ ಚುರುಕಿನವನು. ಎಲ್ಲ ಕೆ.ಜಿ.ಯಲ್ಲೇ ಇದ್ರೆ ಬಿಲ್ ಮಾಡೋಕೆ ಸುಲಭ ಅಂತ, 'ಪ್ರಮಾಣ' ಅನ್ನೋ ತಲೆಬರಹವನ್ನ 'ಪ್ರಮಾಣ (ಕೆ.ಜಿ.)' ಅಂತ ತಿದ್ದಿ, ಆ ದಿನದಿಂದ ಕೆ.ಜಿ.ಯಲ್ಲೇ ಹಾಕಿದ. ಆದ್ರೆ ಶೆಡ್‌ನವರು ನೋಡ್ತಾ ಇದ್ದದ್ದು ಬೇರೆ ಪುಟ. ಆ ಪುಟ ಸಂಖ್ಯೆಗಳನ್ನ ಮಾತ್ರ ಮೊದಲನೇ ಪುಟದಿಂದ ತರ್ತಿತ್ತು. ಅದರ ತಲೆಬರಹ ಕೈಯಲ್ಲಿ ಬರೆದದ್ದು, ಹಳೆಯ 'ಪ್ರಮಾಣ' ಅಂತಲೇ ಉಳಿದಿತ್ತು.

ಆ ದಿನ ಬಂದ ಆರ್ಡರ್ ಒಟ್ಟು 120 ಕೆ.ಜಿ., ಅಂದ್ರೆ 40 ಬಾಕ್ಸ್. ಶೆಡ್‌ನವರಿಗೆ ಕಂಡದ್ದು 120 ಬಾಕ್ಸ್. "ಇವತ್ತು ಬೇಡಿಕೆ ಜೋರಾಗಿದೆ" ಅಂತ ಖುಷಿಯಾಗಿ, ತೋಟದವರಿಗೆ ಫೋನ್ ಮಾಡಿ ಇನ್ನಷ್ಟು ಕೀಳಿಸಿದ್ರು. 2 ಬಾಕ್ಸ್ ಕೇಳಿದವರ ಮನೆ ಬಾಗಿಲಿಗೆ 6 ಬಾಕ್ಸ್ ಹೋಯ್ತು. ಬೆಳಗ್ಗೆ 9 ಗಂಟೆಯಿಂದ ಫೋನ್ ಮೇಲೆ ಫೋನ್. 80 ಬಾಕ್ಸ್, 240 ಕೆ.ಜಿ. ಹಣ್ಣು ಹೆಚ್ಚಾಗಿತ್ತು. ಕಿತ್ತ ಹಣ್ಣು ಮತ್ತೆ ಮರಕ್ಕೆ ಹೋಗುತ್ತಾ? ವಾಪಸ್ ತಂದು, ಸಿಕ್ಕಿದ ರೇಟಿಗೆ ಮಂಡಿಗೆ ಹಾಕಿದ್ವಿ. ಮುಂದಿನ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಎದ್ದು ಕೇಳಿದ್ದು ಒಂದೇ ಪ್ರಶ್ನೆ: "ನಮ್ಮ ತೋಟದ ಹಣ್ಣು ಕೀಳಿಸಿದ್ದು ಯಾರಪ್ಪ?"

ಉತ್ತರ ಹೇಳೋಕೆ ಯಾರ ಹತ್ತಿರವೂ ಆಗಲಿಲ್ಲ. ಹುಡುಗ ಕೆಟ್ಟ ಉದ್ದೇಶದಿಂದ ಮಾಡಿದ್ದಲ್ಲ. ಶೆಡ್‌ನವರು ಕಂಡದ್ದನ್ನೇ ಕಟ್ಟಿದ್ರು. ತಪ್ಪಿದ್ದದ್ದು ನಮ್ಮ ಪದ್ಧತಿಯಲ್ಲಿ. ತಲೆಬರಹ ತಿದ್ದುವ ಮುಂಚೆ ಯಾರನ್ನ ಕೇಳಬೇಕು ಅನ್ನೋದನ್ನ ನಾವು ಯಾರೂ ತೀರ್ಮಾನ ಮಾಡೇ ಇರಲಿಲ್ಲ.

ಈಗ ಊರೂರಲ್ಲಿ ಯುವಕರು ನೇರ ಮಾರಾಟ ಮಾಡ್ತಿದ್ದಾರೆ. ಹಣ್ಣು, ತರಕಾರಿ, ಬೆಲ್ಲ, ಗಾಣದ ಎಣ್ಣೆ, ನಾಟಿ ಹಸುವಿನ ತುಪ್ಪ. ಎಲ್ಲರ ಹತ್ತಿರವೂ ಒಂದು ಗ್ರಾಹಕರ ಪಟ್ಟಿ ಇದೆ. ಕೆಲವರದ್ದು ಗೂಗಲ್ ಶೀಟ್, ಕೆಲವರದ್ದು ದುಡ್ಡು ಕೊಟ್ಟು ತಗೊಂಡ ಸಿಆರ್‌ಎಂ ಸಾಫ್ಟ್‌ವೇರ್, ಅಂದ್ರೆ ಗ್ರಾಹಕರ ವಿವರ ನೋಡಿಕೊಳ್ಳುವ ಸಾಫ್ಟ್‌ವೇರ್. ಯಾವುದೇ ಇರಲಿ, ಈ ವಾರದ ಲೇಖನ ನಿಮಗೆ ಉಪಯೋಗಕ್ಕೆ ಬರುತ್ತೆ.

ಕಾಲಂ ಅಂದ್ರೆ ಬರೀ ತಲೆಬರಹ ಅಲ್ಲ

ಶೀಟ್‌ನಲ್ಲಿ ಕಾಲಂ ಅಂತೀವಿ, ಸಾಫ್ಟ್‌ವೇರ್‌ನಲ್ಲಿ ಅದನ್ನೇ ಫೀಲ್ಡ್ ಅಂತಾರೆ. ಪ್ರತಿ ಕಾಲಂಗೂ ನಾಲ್ಕು ಗುಣ ಇರುತ್ತವೆ:

1. ಹೆಸರು: ಮೇಲೆ ಬರೆದ ತಲೆಬರಹ.
2. ಅರ್ಥ: ಒಳಗಿರುವ ಸಂಖ್ಯೆ ಏನನ್ನ ಹೇಳುತ್ತೆ? ಬಾಕ್ಸಾ, ಕೆ.ಜಿ.ಯಾ? ಆರ್ಡರ್ ಬಂದ ದಿನವಾ, ಕಳಿಸಿದ ದಿನವಾ?
3. ಬಗೆ: ಸಂಖ್ಯೆಯೋ, ಬರಹವೋ, ತಾರೀಖೋ, ಪಟ್ಟಿಯಿಂದ ಆರಿಸೋದೋ?
4. ಬಳಸುವವರು: ಇದನ್ನ ಓದಿ ಕೆಲಸ ಮಾಡುವವರು ಯಾರ್ಯಾರು?

ಇದರಲ್ಲಿ ಯಾವ ಒಂದನ್ನ ಮುಟ್ಟಿದ್ರೂ ಅದು 'ಬದಲಾವಣೆ'ಯೇ. ನಮ್ಮ ಮಾವಿನ ಕಥೆಯಲ್ಲಿ ಕಣ್ಣಿಗೆ ಕಂಡದ್ದು ಹೆಸರಿನ ಬದಲಾವಣೆ. ನಿಜವಾಗಿ ಬದಲಾಗಿದ್ದು ಅರ್ಥ. ಹೆಸರು ಬದಲಾದ್ರೆ ಸಾಮಾನ್ಯವಾಗಿ ಯಾರಾದ್ರೂ ನೋಡಿ ಕೇಳ್ತಾರೆ. ಅರ್ಥ ಬದಲಾದ್ರೆ ಯಾರಿಗೂ ಕಾಣಲ್ಲ, ಶೀಟ್ ಕೆಂಪು ಬಣ್ಣ ತೋರಿಸಲ್ಲ, ಲೆಕ್ಕ ನಿಲ್ಲಲ್ಲ. ಅದಕ್ಕೇ ಅದು ಹೆಚ್ಚು ಅಪಾಯ.

ಹೊಲದ ಬದು ಇದ್ದ ಹಾಗೆ ಇದು. ಬದು ನಿಮ್ಮ ಹೊಲದ ಅಂಚಲ್ಲೇ ಇರಬಹುದು, ಹಾಗಂತ ರಾತ್ರೋರಾತ್ರಿ ನೀವೊಬ್ಬರೇ ಸರಿಸೋಕೆ ಆಗಲ್ಲ. ಪಕ್ಕದ ಹೊಲದವರನ್ನ ಕರೆದು, ಅಳತೆ ಮಾಡಿ, ಕಲ್ಲು ನೆಟ್ಟು, ಬರೆದಿಟ್ಟುಕೊಳ್ಳಬೇಕು. ಕಾಲಂ ಕೂಡ ಇಬ್ಬರು ಮೂವರ ನಡುವಿನ ಒಪ್ಪಂದ.

ನಮ್ಮ ರೈತರ ಪಟ್ಟಿಯಲ್ಲಿ ಮಾತ್ರ ಕಾಣುವ ತೊಂದರೆಗಳು

ಯಾವ ಸಾಫ್ಟ್‌ವೇರ್ ಮಾಡುವವರೂ ಪಹಣಿ ನೋಡಿ ಸಾಫ್ಟ್‌ವೇರ್ ಮಾಡಿರಲ್ಲ. ಹಾಗಾಗಿ ನಮ್ಮ ಲೆಕ್ಕಗಳಿಗೆ ನಾವೇ ಎಚ್ಚರಿಕೆಯಿಂದ ಇರಬೇಕು.

ಎಕರೆ-ಗುಂಟೆ: ಪಹಣಿಯಲ್ಲಿ 2.20 ಅಂದ್ರೆ 2 ಎಕರೆ 20 ಗುಂಟೆ. 40 ಗುಂಟೆಗೆ 1 ಎಕರೆ, ಹಾಗಾಗಿ ಇದು ಎರಡೂವರೆ ಎಕರೆ. ಶೀಟ್‌ಗೆ ಇದು ಗೊತ್ತಿಲ್ಲ. ಅದು 2.20 ಅನ್ನೋದನ್ನ ಬರೀ ದಶಮಾಂಶ ಅಂತ ಓದುತ್ತೆ. ಒಬ್ಬ ಸದಸ್ಯರಿಗೆ 2.20, 1.30, 0.25 ಅಂತ ಮೂರು ತುಂಡು ಜಮೀನಿದೆ ಅಂದುಕೊಳ್ಳಿ. ಶೀಟ್ ಕೂಡಿದ್ರೆ 3.75 ಬರುತ್ತೆ. ನಿಜವಾದ ಲೆಕ್ಕ 3 ಎಕರೆ 75 ಗುಂಟೆ, ಅಂದ್ರೆ 4 ಎಕರೆ 35 ಗುಂಟೆ. 3.75 ಅನ್ನೋ ವಿಸ್ತೀರ್ಣ ಪಹಣಿಯ ಲೆಕ್ಕದಲ್ಲಿ ಇರೋದೇ ಇಲ್ಲ, ಯಾಕಂದ್ರೆ 40 ದಾಟಿದ ಗುಂಟೆ ಎಕರೆಗೆ ಸೇರಬೇಕು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. 2.20 ಅಂತ ಹಾಕಿದ್ರೆ ಶೀಟ್ ಕೊನೆಯ ಸೊನ್ನೆ ನುಂಗಿ 2.2 ಅಂತ ತೋರಿಸುತ್ತೆ. ಆರು ತಿಂಗಳಾದ ಮೇಲೆ ನೋಡಿದವರಿಗೆ ಅದು 2 ಎಕರೆ 2 ಗುಂಟೆಯೋ, 2 ಎಕರೆ 20 ಗುಂಟೆಯೋ? ಶೀಟ್ ನೋಡಿ ಹೇಳೋಕೆ ಸಾಧ್ಯವೇ ಇಲ್ಲ. ಪಹಣಿಯನ್ನೇ ತೆಗೆಯಬೇಕು.

ಸರ್ವೆ ನಂಬರ್: 12/3 ಅಂತ ಟೈಪ್ ಮಾಡಿ ಎಂಟರ್ ಒತ್ತಿದ್ರೆ ಶೀಟ್ ಅದನ್ನ ತಾರೀಖು ಅಂದುಕೊಳ್ಳುತ್ತೆ. ಸೆಟ್ಟಿಂಗ್ ಹೇಗಿದೆಯೋ ಹಾಗೆ ಮಾರ್ಚ್ 12 ಆಗಬಹುದು, ಡಿಸೆಂಬರ್ 3 ಆಗಬಹುದು. 45/2ಎ ಅಂತ ಅಕ್ಷರ ಇರುವ ನಂಬರ್ ಹಾಗೇ ಉಳಿಯುತ್ತೆ. ಅರ್ಧ ಸರಿ, ಅರ್ಧ ತಪ್ಪು ಇರೋದ್ರಿಂದ ಬೇಗ ಗೊತ್ತಾಗೋದೂ ಇಲ್ಲ. ಇದಕ್ಕೆ ಪರಿಹಾರ: ನಂಬರ್ ಹಾಕುವ ಮುಂಚೆಯೇ ಆ ಕಾಲಂನ ಬಗೆಯನ್ನ 'ಪ್ಲೇನ್ ಟೆಕ್ಸ್ಟ್' ಅಂತ ಮಾಡಿ. ಆಮೇಲೆ ಮಾಡಿದ್ರೆ, ಆಗಲೇ ತಾರೀಖಾಗಿ ಹೋದ ಸರ್ವೆ ನಂಬರ್ ತಾನಾಗಿ ವಾಪಸ್ ಬರಲ್ಲ.

ಇದು ನಮ್ಮೊಬ್ಬರ ಗೋಳಲ್ಲ. ಮನುಷ್ಯರ ಕೆಲವು ಜೀನ್‌ಗಳಿಗೆ ವಿಜ್ಞಾನಿಗಳು 'ಮಾರ್ಚ್1', 'ಸೆಪ್ಟ್1' ಅಂತ ಗುರುತು ಇಟ್ಟಿದ್ರು. ಎಕ್ಸೆಲ್ ಅವನ್ನ ತಾರೀಖು ಮಾಡಿಬಿಡ್ತಿತ್ತು. ಕೊನೆಗೆ 2020ರಲ್ಲಿ ಬಂದ ಹೊಸ ಮಾರ್ಗಸೂಚಿಯಲ್ಲಿ ಇಂಥ ಜೀನ್‌ಗಳ ಗುರುತನ್ನೇ ಬದಲಾಯಿಸಿದ್ದನ್ನ ಹೇಳಬೇಕಾಯ್ತು.

ಮೊಬೈಲ್ ನಂಬರ್: ಒಬ್ಬರು 10 ಅಂಕಿ ಹಾಕ್ತಾರೆ, ಇನ್ನೊಬ್ಬರು ಮುಂದೆ 0 ಸೇರಿಸ್ತಾರೆ, ಮತ್ತೊಬ್ಬರು +91 ಹಾಕ್ತಾರೆ. ಶೀಟ್‌ಗೆ ಇವರು ಮೂವರು ಬೇರೆ ಬೇರೆ ಗ್ರಾಹಕರು. ಒಬ್ಬರಿಗೇ ಎರಡು ಸಲ ಮೆಸೇಜ್, ಎರಡು ಸಲ ಬಿಲ್.

ಹಣ್ಣಿನ ಹೆಸರು: ಬಾದಾಮಿ ಅಂದ್ರೂ ಆಪೂಸ್ ಅಂದ್ರೂ ಅಲ್ಫಾನ್ಸೊ ಅಂದ್ರೂ ಒಂದೇ ಮಾವು. ಮೂರು ಹೆಸರಲ್ಲಿ ಎಂಟ್ರಿ ಆದ್ರೆ ಯಾವ ತಳಿಗೆ ಎಷ್ಟು ಬೇಡಿಕೆ ಇದೆ ಅನ್ನೋ ಲೆಕ್ಕವೇ ತಪ್ಪುತ್ತೆ. ಡ್ರಾಪ್‌ಡೌನ್ ಪಟ್ಟಿ ಇಟ್ಟರೆ ಇದು ನಿಲ್ಲುತ್ತೆ.

ಸದಸ್ಯರ ಹೆಸರು: ಒಂದೇ ಊರಲ್ಲಿ ಒಂದೇ ಹೆಸರಿನ ನಾಲ್ಕು ಜನ ಸಿಗ್ತಾರೆ. ಹೆಸರು ನೋಡಿ ಗುರುತು ಹಿಡಿಯೋ ಪಟ್ಟಿ ಹೆಚ್ಚು ದಿನ ಬಾಳಲ್ಲ. ಸದಸ್ಯತ್ವ ಸಂಖ್ಯೆಯೋ, ಫ್ರೂಟ್ಸ್ ಐಡಿಯೋ ಒಂದು ಗಟ್ಟಿ ಗುರುತು ಇರಲಿ. 2020ರಲ್ಲಿ ಶುರುವಾದ ಕೇಂದ್ರದ 10,000 ಎಫ್‌ಪಿಒ ಯೋಜನೆಯಲ್ಲಿ ಬಯಲು ಪ್ರದೇಶದ ಕಂಪನಿಗೆ ಕನಿಷ್ಠ 300 ಸದಸ್ಯರು ಇರಬೇಕು. ಸದಸ್ಯರ ಷೇರು ಹಣಕ್ಕೆ ಸಮನಾಗಿ, ಒಬ್ಬರಿಗೆ ₹2,000 ಮೀರದ ಹಾಗೆ, ಈಕ್ವಿಟಿ ಗ್ರಾಂಟ್ ಬರುತ್ತೆ. ಅಂಥ ಪಟ್ಟಿಯಲ್ಲಿ ಒಬ್ಬರೇ ಎರಡು ಸಲ ಇದ್ರೆ, ಅಥವಾ ಇಬ್ಬರು ಒಬ್ಬರಾಗಿ ಹೋದ್ರೆ, ಅದು ದುಡ್ಡಿನ ಪ್ರಶ್ನೆ ಆಗುತ್ತೆ.

ಎಲ್ಲ ಬದಲಾವಣೆಯೂ ಒಂದೇ ಅಲ್ಲ

ಹಾಗಂತ ಒಂದು ಅಕ್ಷರ ತಿದ್ದೋಕೂ ಸಭೆ ಕರೆದ್ರೆ ಕೆಲಸ ಸಾಗಲ್ಲ. ನಾವು ಬದಲಾವಣೆಗಳನ್ನ ಮೂರು ಥರ ಮಾಡಿಕೊಂಡ್ವಿ.

ಹಗುರ: ಕೊನೆಯಲ್ಲಿ ಒಂದು ಹೊಸ ಕಾಲಂ ಸೇರಿಸೋದು, ಬಣ್ಣ ಹಾಕೋದು, ಅಗಲ ಹೆಚ್ಚು ಕಮ್ಮಿ ಮಾಡೋದು. ಗ್ರೂಪ್‌ನಲ್ಲಿ ಒಂದು ಮೆಸೇಜ್ ಹಾಕಿ ಮಾಡಬಹುದು. 'ಕೊನೆಯಲ್ಲಿ' ಅಂದದ್ದು ಗಮನಿಸಿ. ನಡುವೆ ಕಾಲಂ ತೂರಿಸಿದ್ರೆ ಕೆಲವು ಲೆಕ್ಕ ತಪ್ಪುತ್ತೆ. ಉದಾಹರಣೆಗೆ, ವಿ-ಲುಕಪ್ ಸೂತ್ರಕ್ಕೆ 'ನಾಲ್ಕನೇ ಕಾಲಂನಿಂದ ತಾ' ಅಂತ ಹೇಳಿರ್ತೀರಿ. ನಡುವೆ ಹೊಸದು ಬಂದು ನಾಲ್ಕನೆಯದ್ದು ಐದನೆಯದಾದ್ರೂ ಅದು ನಾಲ್ಕರಿಂದಲೇ ತರುತ್ತೆ. ರೇಟ್ ಬರಬೇಕಾದ ಕಡೆ ಪಿನ್‌ಕೋಡ್ ಬಂದು ಕೂರುತ್ತೆ.

ಮಧ್ಯಮ: ತಲೆಬರಹ ಬದಲಾಯಿಸೋದು, ಡ್ರಾಪ್‌ಡೌನ್‌ಗೆ ಹೊಸ ಹೆಸರು ಸೇರಿಸೋದು, ಕಾಲಂ ಜಾಗ ಬದಲಾಯಿಸೋದು. ಆ ಕಾಲಂ ನೋಡಿಕೊಳ್ಳುವವರು ಒಪ್ಪಬೇಕು. ಇಲ್ಲೊಂದು ಸಣ್ಣ ವಿಷಯ: ಗೂಗಲ್ ಫಾರ್ಮ್‌ನಲ್ಲಿ 'ಆಪೂಸ್' ಅನ್ನೋ ಆಯ್ಕೆಯನ್ನ 'ಬಾದಾಮಿ' ಅಂತ ತಿದ್ದಿದ್ರೆ ಇನ್ನು ಮುಂದೆ ಬರುವ ಉತ್ತರ ಮಾತ್ರ ಬಾದಾಮಿ ಆಗುತ್ತೆ. ಹಿಂದೆ ಬಂದದ್ದೆಲ್ಲ ಆಪೂಸ್ ಆಗೇ ಉಳಿಯುತ್ತೆ.

ಭಾರಿ: ಅಳತೆ ಬದಲಾಯಿಸೋದು (ಬಾಕ್ಸ್‌ನಿಂದ ಕೆ.ಜಿ.ಗೆ, ಚೀಲದಿಂದ ಕ್ವಿಂಟಲ್‌ಗೆ, ಕಾಯಿ ಎಣಿಕೆಯಿಂದ ತೂಕಕ್ಕೆ), ಬಗೆ ಬದಲಾಯಿಸೋದು, ಒಂದು ಕಾಲಂ ಎರಡು ಮಾಡೋದು, ಎರಡು ಸೇರಿಸಿ ಒಂದು ಮಾಡೋದು, ಕಾಲಂ ಅಳಿಸೋದು. ಇದಕ್ಕೆ ಬರೆದ ಅರ್ಜಿ, ಪರೀಕ್ಷೆ, ಎಲ್ಲರ ಒಪ್ಪಿಗೆ ಬೇಕೇ ಬೇಕು.

ಏಳು ಕಟ್ಟಳೆಗಳು

1. ಪ್ರತಿ ಕಾಲಂಗೂ ಒಬ್ಬರು ಹೊಣೆಗಾರರು ಇರಲಿ
ಶೀಟ್‌ಗೆ ಟೈಪ್ ಮಾಡುವವರೇ ಹೊಣೆಗಾರರು ಆಗಬೇಕಿಲ್ಲ. ಆ ಕಾಲಂ ತಪ್ಪಾದ್ರೆ ಯಾರ ಕೆಲಸ ಮೊದಲು ಕೆಡುತ್ತೋ ಅವರು ಹೊಣೆಗಾರರು. 'ಪ್ರಮಾಣ' ಕಾಲಂ ಪ್ಯಾಕಿಂಗ್ ಶೆಡ್‌ನವರದ್ದು. 'ಬ್ಯಾಂಕ್ ಖಾತೆ' ಲೆಕ್ಕ ಬರೆಯುವವರದ್ದು. 'ವಿಳಾಸ' ಗಾಡಿ ಓಡಿಸುವ ಅಣ್ಣನದ್ದು. ಹೌದು, ಡ್ರೈವರ್‌ನದ್ದೇ. ಗೇಟ್ ನಂಬರ್, ಟವರ್ ಹೆಸರು ಇಲ್ಲದೆ ಅಲೆದಾಡೋದು ಅವರೇ ಅಲ್ವಾ?

2. ಒಂದು 'ಕಾಲಂ ಪುಸ್ತಕ' ಮಾಡಿ
ಅದೇ ಶೀಟ್‌ನಲ್ಲಿ ಇನ್ನೊಂದು ಪುಟ ತೆಗೆದು ಪ್ರತಿ ಕಾಲಂಗೂ ಒಂದು ಸಾಲು ಬರೆಯಿರಿ. ನಮ್ಮದು ಹೀಗಿದೆ:

- ಪ್ರಮಾಣ_ಬಾಕ್ಸ್: ಎಷ್ಟು ಬಾಕ್ಸ್. 1 ಬಾಕ್ಸ್ = 3 ಕೆ.ಜಿ. ಬಗೆ: ಸಂಖ್ಯೆ. ಬಳಸುವವರು: ಶೆಡ್, ಬಿಲ್, ಗಾಡಿ. ಹೊಣೆ: ಶೆಡ್.
- ಮೊಬೈಲ್: 10 ಅಂಕಿ ಮಾತ್ರ, ಮುಂದೆ 0 ಬೇಡ, +91 ಬೇಡ. ಬಗೆ: ಬರಹ. ಬಳಸುವವರು: ಆಫೀಸ್, ಗಾಡಿ. ಹೊಣೆ: ಆಫೀಸ್.
- ಎಕರೆ: ಪಹಣಿಯಲ್ಲಿ ಇರುವಂತೆ ಪೂರ್ತಿ ಎಕರೆ. ಬಗೆ: ಸಂಖ್ಯೆ. ಬಳಸುವವರು: ಬೀಜ-ಗೊಬ್ಬರ ವಿಭಾಗ. ಹೊಣೆ: ಅದೇ ವಿಭಾಗ.
- ಗುಂಟೆ: 0ಯಿಂದ 39ರವರೆಗೆ ಮಾತ್ರ. ಉಳಿದದ್ದು ಮೇಲಿನಂತೆ.

ಹೆಸರಿನಲ್ಲೇ ಅಳತೆ ಸೇರಿಸಿದ್ದು ನೋಡಿ. 'ಪ್ರಮಾಣ' ಅಂತ ಬರೀ ಇದ್ದದ್ದೇ ನಮ್ಮ ಮೊದಲ ತಪ್ಪು. ಅಳತೆ ಬರೆಯದ ಕಾಲಂನಲ್ಲಿ ಒಬ್ಬೊಬ್ಬರು ಒಂದೊಂದು ಓದಿಕೊಳ್ತಾರೆ.

3. ಬದಲಾವಣೆ ಬೇಕಾದವರು ಐದು ಪ್ರಶ್ನೆಗೆ ಉತ್ತರ ಬರೆಯಲಿ
ಅರ್ಜಿ ಅಂದ್ರೆ ಕಾಗದ, ಸೀಲು ಏನೂ ಬೇಡ. ಗ್ರೂಪ್‌ನಲ್ಲಿ ಒಂದು ಮೆಸೇಜ್ ಸಾಕು. ಮಾವಿನ ಕಥೆಯಲ್ಲಿ ಹುಡುಗ ಹೀಗೆ ಹಾಕಿದ್ದಿದ್ರೆ ಸಾಕಿತ್ತು:

"ಎಲ್ಲರ ಗಮನಕ್ಕೆ.
ಏನು: ಪ್ರಮಾಣವನ್ನ ಬಾಕ್ಸ್ ಬದಲು ಕೆ.ಜಿ.ಯಲ್ಲಿ ಹಾಕೋಣ ಅಂತ.
ಯಾಕೆ: ಗ್ರಾಹಕರು ಕೆ.ಜಿ. ಲೆಕ್ಕ ಕೇಳ್ತಿದ್ದಾರೆ.
ಯಾರಿಗೆ ಬಾಧೆ: ಶೆಡ್, ಬಿಲ್, ಗಾಡಿ.
ಹಳೆಯ ಸಾಲುಗಳ ಗತಿ: ಈಗಿರುವ ಬಾಕ್ಸ್ ಸಂಖ್ಯೆಯನ್ನ 3ರಿಂದ ಗುಣಿಸಬೇಕು.
ಯಾವಾಗ: ಭಾನುವಾರ, ಗಾಡಿ ಇಲ್ಲದ ದಿನ.
ಶೆಡ್ ಅಣ್ಣ, ನೀವು ಸರಿ ಅಂದ್ರೆ ಮಾತ್ರ ಮಾಡ್ತೀನಿ."

ಇದನ್ನ ಓದಿದ ತಕ್ಷಣ ಶೆಡ್‌ನವರು "ಏಯ್, ನಿಲ್ಲಪ್ಪ" ಅಂದಿರ್ತಿದ್ರು. 240 ಕೆ.ಜಿ. ಹಣ್ಣು ಮರದಲ್ಲೇ ಉಳಿದಿರ್ತಿತ್ತು.

ಐದರಲ್ಲಿ ಮುಖ್ಯವಾದದ್ದು ನಾಲ್ಕನೇ ಪ್ರಶ್ನೆ: ಹಳೆಯ ಸಾಲುಗಳ ಗತಿ ಏನು? ಹೊಸದು ಹೇಗಿರಬೇಕು ಅಂತ ಎಲ್ಲರೂ ಯೋಚನೆ ಮಾಡ್ತಾರೆ. ಈಗಾಗಲೇ ತುಂಬಿರುವ 400 ಸಾಲು ಏನಾಗಬೇಕು ಅಂತ ಯಾರೂ ಕೇಳಲ್ಲ. ಆ ಪ್ರಶ್ನೆಗೆ ಉತ್ತರ ಇಲ್ಲದ ಬದಲಾವಣೆಗೆ ಒಪ್ಪಿಗೆ ಕೊಡಬೇಡಿ.

4. ಸೀಸನ್ ನಡುವೆ ಭಾರಿ ಬದಲಾವಣೆ ಬೇಡ
ತೆನೆ ಬಂದ ಮೇಲೆ ಯಾರಾದ್ರೂ ಹೊಲ ಉಳ್ತಾರಾ? ಭಾರಿ ಬದಲಾವಣೆ ಏನಿದ್ರೂ ಸೀಸನ್ ಮುಗಿದ ಮೇಲೆ. ತುರ್ತು ಇದ್ರೆ ಹಳೆಯ ಕಾಲಂ ಮುಟ್ಟದೆ ಕೊನೆಯಲ್ಲಿ ಹೊಸದು ಸೇರಿಸಿ.

5. ನಕಲಿನ ಮೇಲೆ ಪರೀಕ್ಷೆ ಮಾಡಿ
ಶೀಟ್‌ನ ಒಂದು ನಕಲು ತೆಗೆದು ಅದರಲ್ಲಿ ಮೊದಲು ಮಾಡಿ ನೋಡಿ. 10 ಸಾಲು ಸಾಕು. ಆದ್ರೆ ಆ 10 ಸಾಲು ಆರಿಸೋವಾಗ ಸುಲಭದ್ದನ್ನ ಮಾತ್ರ ಆರಿಸಬೇಡಿ. ಖಾಲಿ ಇರೋದು ಒಂದು, ಅರ್ಧ ಬಾಕ್ಸ್ ಕೇಳಿದ್ದು ಒಂದು, ಸಂಖ್ಯೆ ಜಾಗದಲ್ಲಿ 'ನಾಳೆ ಹೇಳ್ತಾರೆ' ಅಂತ ಬರೆದದ್ದು ಒಂದು, ಹೀಗೆ ತಕರಾರಿನ ಸಾಲುಗಳು ಇರಲಿ. ಬಿಲ್, ಶೆಡ್ ಪುಟ, ಗಾಡಿ ಪಟ್ಟಿ ಮೂರರಲ್ಲೂ ಸರಿ ಬಂದ್ರೆ ಮಾತ್ರ ನಿಜವಾದ ಶೀಟ್‌ಗೆ ಕೈ ಹಾಕಿ.

6. ಹಳೆಯದರ ಪಕ್ಕದಲ್ಲಿ ಹೊಸದು ಇರಲಿ
ಹಳೆಯ ಕಾಲಂ ಮೇಲೆಯೇ ಹೊಸದನ್ನ ಬರೆಯಬೇಡಿ. 'ಪ್ರಮಾಣ_ಬಾಕ್ಸ್' ಹಾಗೇ ಇರಲಿ, 'ಪ್ರಮಾಣ_ಕೆಜಿ' ಹೊಸದಾಗಿ ಬರಲಿ. ಸ್ವಲ್ಪ ದಿನ ಎರಡೂ ಜೊತೆಗೆ ನಡೆಯಲಿ. ಎಲ್ಲರೂ ಹೊಸದಕ್ಕೆ ಬಂದ ಮೇಲೆ ಹಳೆಯದನ್ನ ಬೀಗ ಹಾಕಿ ಮರೆಮಾಡಿ. ಅಳಿಸೋದು ಎಲ್ಲಕ್ಕಿಂತ ಕೊನೆಯ ಮಾತು. ಒಂದು ವರ್ಷದ ಲೆಕ್ಕ ಮುಗಿದು ಆಡಿಟ್ ಆದ ಮೇಲೆ ಯೋಚಿಸಿದ್ರೂ ತಡವಲ್ಲ.

7. ಬರೆದಿಡಿ, ಹೇಳಿ
ಕಾಲಂ ಪುಸ್ತಕದ ಕೆಳಗೆ ಒಂದು ಸಾಲು: ತಾರೀಖು, ಏನು ಬದಲಾಯ್ತು, ಯಾರು ಕೇಳಿದ್ದು, ಯಾರು ಒಪ್ಪಿದ್ದು. ಮುಂದಿನ ವರ್ಷ ಆ ಹುಡುಗ ಬೇರೆ ಕೆಲಸಕ್ಕೆ ಹೋಗಿರಬಹುದು. ಅವನ ತಲೆಯಲ್ಲಿದ್ದದ್ದು ಅವನ ಜೊತೆಗೇ ಹೋಗಬಾರದು.

ಎಕರೆ-ಗುಂಟೆ ಕಾಲಂ ನಾವು ಬದಲಾಯಿಸಿದ ರೀತಿ

ಮಾವಿನ ಪೆಟ್ಟು ತಿಂದ ಮೇಲೆ ಈ ಏಳನ್ನ ಮೊದಲು ಪ್ರಯೋಗ ಮಾಡಿದ್ದು ಸದಸ್ಯರ ಪಟ್ಟಿಯ 'ಜಮೀನು' ಕಾಲಂ ಮೇಲೆ. ಬೀಜ, ಗೊಬ್ಬರ ಎಷ್ಟು ತರಿಸಬೇಕು ಅನ್ನೋದು ಅದರ ಮೇಲೆಯೇ ನಿಂತಿತ್ತು.

ಅದನ್ನ 'ಎಕರೆ', 'ಗುಂಟೆ' ಅಂತ ಎರಡು ಮಾಡೋಣ ಅನ್ನೋದು ಪ್ರಸ್ತಾವ. ಎಲ್ಲರೂ ಒಪ್ಪಿದ್ರು. ಆದ್ರೆ ನಾಲ್ಕನೇ ಪ್ರಶ್ನೆಗೆ ಬಂದಾಗ ನಿಂತ್ವಿ. 2.35 ಅಂತ ಇದ್ದದ್ದು ಸುಲಭ, 2 ಎಕರೆ 35 ಗುಂಟೆ. 2.2 ಅಂತ ಇದ್ದದ್ದು? 1.5 ಅಂತ ಇದ್ದದ್ದು? 1.5ರಲ್ಲಂತೂ ಮೂರು ಅನುಮಾನ. 1 ಎಕರೆ 5 ಗುಂಟೆ ಇರಬಹುದು. ಒಂದೂವರೆ ಎಕರೆ ಅಂತ ಯಾರೋ ದಶಮಾಂಶದಲ್ಲಿ ಹಾಕಿರಬಹುದು. 1.50 ಅಂತ ತಪ್ಪಾಗಿ ಬರೆದದ್ದೂ ಇರಬಹುದು.

ಸೂತ್ರ ಹಾಕಿ ಒಂದೇ ನಿಮಿಷದಲ್ಲಿ ಒಡೆಯಬಹುದಿತ್ತು. ಒಡೆದಿದ್ರೆ ಅನುಮಾನದ ಸಂಖ್ಯೆಗಳು ಖಚಿತ ಸಂಖ್ಯೆಗಳ ವೇಷ ಹಾಕಿಕೊಂಡು ಕೂರ್ತಿದ್ವು. ಹಾಗಾಗಿ ಎರಡು ಗುಂಪು ಮಾಡಿದ್ವಿ. ಅನುಮಾನ ಇಲ್ಲದ್ದನ್ನ ಸೂತ್ರದಿಂದ ಒಡೆದ್ವಿ. ಅನುಮಾನ ಇರುವ ಸಾಲುಗಳಿಗೆ ಹಳದಿ ಬಣ್ಣ ಹಾಕಿ, ಹೊಸ ಕಾಲಂ ಖಾಲಿ ಬಿಟ್ಟು, ಪಹಣಿ ನೋಡಿಯೇ ತುಂಬಿದ್ವಿ. ಪಹಣಿ ಆನ್‌ಲೈನ್‌ನಲ್ಲೇ ನೋಡಬಹುದಾದ್ರಿಂದ ಊರೂರು ಸುತ್ತೋದು ತಪ್ಪಿತು. ಒಟ್ಟು ವಿಸ್ತೀರ್ಣಕ್ಕೆ ಈಗ ಒಂದೇ ಸೂತ್ರ: ಎಕರೆ + (ಗುಂಟೆ ÷ 40). ಹಳೆಯ 'ಜಮೀನು' ಕಾಲಂ ಇನ್ನೂ ಇದೆ, ಬೀಗ ಹಾಕಿದ್ದೀವಿ.

ಮೊಬೈಲ್, ಕಂಪ್ಯೂಟರ್‌ನಲ್ಲಿ ಮಾಡಬೇಕಾದ ಮೂರು ಕೆಲಸ

ಬೀಗ: ಗೂಗಲ್ ಶೀಟ್‌ನಲ್ಲಿ 'ಡೇಟಾ' ಮೆನುವಿನಲ್ಲಿ 'ಪ್ರೊಟೆಕ್ಟ್ ಶೀಟ್ಸ್ ಆ್ಯಂಡ್ ರೇಂಜಸ್' ಇದೆ. ತಲೆಬರಹದ ಸಾಲನ್ನ ಆರಿಸಿ, ತಿದ್ದುವ ಹಕ್ಕು ಒಬ್ಬಿಬ್ಬರಿಗೆ ಮಾತ್ರ ಕೊಡಿ. ಉಳಿದವರು ಎಂಟ್ರಿ ಮಾಡಬಹುದು, ತಲೆಬರಹ ಮುಟ್ಟೋಕೆ ಆಗಲ್ಲ. ಇದನ್ನ ಒಮ್ಮೆ ಕಂಪ್ಯೂಟರ್‌ನಲ್ಲಿ ಕೂತು ಮಾಡಿದ್ರೆ ಸಾಕು.

ಹಳೆಯ ಪ್ರತಿ: 'ಫೈಲ್' ಮೆನುವಿನಲ್ಲಿ 'ವರ್ಷನ್ ಹಿಸ್ಟರಿ' ತೆಗೆದ್ರೆ ಯಾರು, ಯಾವಾಗ, ಏನು ತಿದ್ದಿದ್ರು ಅಂತ ಕಾಣುತ್ತೆ. ಹಳೆಯ ಪ್ರತಿಗೆ ವಾಪಸ್ ಹೋಗಲೂಬಹುದು. ಆದ್ರೆ ಹುಷಾರು: ವಾಪಸ್ ಹೋದ್ರೆ ಆ ಹೊತ್ತಿನ ನಂತರ ಬೇರೆಯವರು ಹಾಕಿದ ಒಳ್ಳೆಯ ಎಂಟ್ರಿಗಳೂ ಶೀಟ್‌ನಿಂದ ಹೋಗುತ್ತವೆ. ಮೊದಲು ಈಗಿನದ್ದರ ನಕಲು ತೆಗೆದಿಟ್ಟು ಆಮೇಲೆ ಹೋಗಿ.

ಎಂಟ್ರಿ ಸಮಯ: ಪ್ರತಿ ಸಾಲಿಗೂ ಎಂಟ್ರಿ ಆದ ತಾರೀಖು, ಸಮಯ ಇರಲಿ. ಗೂಗಲ್ ಫಾರ್ಮ್‌ನಲ್ಲಿ ಇದು ತಾನಾಗಿ ಬರುತ್ತೆ. ತಪ್ಪು ನಡೆದಾಗ 'ಈ ಹೊತ್ತಿನವರೆಗೆ ಬಾಕ್ಸ್, ಇಲ್ಲಿಂದ ಮುಂದೆ ಕೆ.ಜಿ.' ಅಂತ ಬೇರೆ ಮಾಡೋಕೆ ಇದೊಂದೇ ದಾರಿ. ಎಡವಟ್ಟಾದ ದಿನ ಕೈಯಿಂದ ಅಲ್ಲೊಂದು ಇಲ್ಲೊಂದು ತಿದ್ದೋಕೆ ಹೋಗಬೇಡಿ. ಎಂಟ್ರಿ ನಿಲ್ಲಿಸಿ, ನಕಲು ತೆಗೆದು, ಎಲ್ಲಿಂದ ಕೆಟ್ಟಿದೆ ಅಂತ ಗುರುತು ಹಾಕಿ, ಆಮೇಲೆ ತಿದ್ದಿ.

ದುಡ್ಡು ಕೊಟ್ಟ ಸಾಫ್ಟ್‌ವೇರ್ ಇದ್ರೆ?

ಕಟ್ಟಳೆ ಅವೇ, ಹುಷಾರು ಇನ್ನೂ ಜಾಸ್ತಿ ಬೇಕು. ದೊಡ್ಡ ಸಿಆರ್‌ಎಂ ಸಾಫ್ಟ್‌ವೇರ್‌ಗಳಲ್ಲೂ ಫೀಲ್ಡ್‌ನ ಬಗೆ ಬದಲಾಯಿಸಿದ್ರೆ ಒಳಗಿನ ಮಾಹಿತಿ ಹೋಗಬಹುದು. ಸಾಫ್ಟ್‌ವೇರ್ ಕೊಟ್ಟವರನ್ನ ಮೂರು ಮಾತು ಕೇಳಿಟ್ಟುಕೊಳ್ಳಿ. ಫೀಲ್ಡ್ ಬದಲಾಯಿಸುವ ಹಕ್ಕು ನಮ್ಮಲ್ಲಿ ಯಾರ್ಯಾರಿಗಿದೆ? ನಮ್ಮ ಪೂರ್ತಿ ಪಟ್ಟಿಯನ್ನ ನಾವೇ ಹೊರಗೆ ತೆಗೆದುಕೊಳ್ಳಬಹುದಾ? ನೀವು ಅಪ್‌ಡೇಟ್ ಮಾಡುವಾಗ ನಮ್ಮ ಫೀಲ್ಡ್‌ಗಳು ಬದಲಾದ್ರೆ ಮುಂಚೆಯೇ ಹೇಳ್ತೀರಾ? ಮೂರಕ್ಕೂ ನೇರ ಉತ್ತರ ಬರದಿದ್ರೆ ವಾರಕ್ಕೊಮ್ಮೆ ಪಟ್ಟಿಯ ನಕಲು ನಿಮ್ಮ ಹತ್ತಿರ ಇರಲಿ.

ಹೊಸ ಕಾಲಂ ಸೇರಿಸೋಕೂ ಒಂದು ಮಿತಿ ಇದೆ

ಹೊಸ ಕಾಲಂ ಸೇರಿಸೋದು ಹಗುರದ ಕೆಲಸ ಅಂದ್ವಿ. ಒಂದು ಕಡೆ ಮಾತ್ರ ಅದು ಹಗುರ ಅಲ್ಲ: ಜನರ ಖಾಸಗಿ ವಿವರ. 'ಇರಲಿ, ಮುಂದೆ ಬೇಕಾಗಬಹುದು' ಅಂತ ಆಧಾರ್ ನಂಬರ್, ಹುಟ್ಟಿದ ದಿನ, ಜಾತಿ, ಮನೆಯವರ ವಿವರ ಎಲ್ಲ ತುಂಬಿಸಬೇಡಿ. ವೈಯಕ್ತಿಕ ಮಾಹಿತಿ ರಕ್ಷಣೆಗೆ ದೇಶದಲ್ಲಿ 2023ರಲ್ಲೇ ಕಾಯ್ದೆ ಆಗಿದೆ. ಯಾವ ಕೆಲಸಕ್ಕೆ ಅಂತ ಹೇಳಿ ತಗೊಂಡ್ರೋ ಆ ಕೆಲಸಕ್ಕೆ ಬೇಕಾದಷ್ಟೇ ಮಾಹಿತಿ ಇಟ್ಟುಕೊಳ್ಳಬೇಕು ಅನ್ನೋದು ಅದರ ತಿರುಳು. ಮಾವು ಮಾರೋಕೆ ಗ್ರಾಹಕರ ಹೆಸರು, ಫೋನ್, ವಿಳಾಸ ಸಾಕು. ಸದಸ್ಯರ ಆಧಾರ್ ಬೇಕೇ ಬೇಕಾದ ಕಡೆ, ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ನಡೆಯುತ್ತಾ ಅಂತ ಮೊದಲು ವಿಚಾರಿಸಿ. ಹತ್ತು ಜನರ ಮೊಬೈಲ್‌ನಲ್ಲಿ ತೆರೆಯುವ ಶೀಟ್‌ನಲ್ಲಿ ಆಧಾರ್ ಕಾಲಂ ಇರಲೇಬಾರದು.

ಈ ವಾರ ಮಾಡಿ

ಎಲ್ಲ ಒಂದೇ ದಿನ ಆಗಬೇಕಿಲ್ಲ. ಇವತ್ತು ಸಂಜೆ ನಿಮ್ಮ ಪಟ್ಟಿ ತೆಗೆದು ಇಷ್ಟು ಮಾಡಿ:

- ಅಳತೆ ಬರೆಯದ ಕಾಲಂ ಯಾವುದಿದೆ ನೋಡಿ. ಅದರಲ್ಲಿ ಈಗಿರೋದು ಯಾವ ಅಳತೆ ಅಂತ ಬಳಸುವವರನ್ನ ಕೇಳಿ, ಎಲ್ಲರೂ ಒಂದೇ ಉತ್ತರ ಹೇಳಿದ್ರೆ ಮಾತ್ರ ತಲೆಬರಹಕ್ಕೆ ಸೇರಿಸಿ.
- ಸರ್ವೆ ನಂಬರ್ ಕಾಲಂನಲ್ಲಿ ತಾರೀಖಾಗಿ ಹೋದದ್ದು ಇದೆಯಾ ಹುಡುಕಿ.
- ತಲೆಬರಹದ ಸಾಲಿಗೆ ಬೀಗ ಹಾಕಿ.
- ಕಾಲಂ ಪುಸ್ತಕದ ಪುಟ ತೆಗೆದು ಮೊದಲ ಐದು ಕಾಲಂ ಬರೆಯಿರಿ.

ನಮ್ಮ ಹುಡುಗ ಈಗಲೂ ನಮ್ಮ ಜೊತೆಗೇ ಇದ್ದಾನೆ. ಕಾಲಂ ಪುಸ್ತಕ ನೋಡಿಕೊಳ್ಳೋದು ಅವನೇ. ಈ ಸೀಸನ್‌ನಲ್ಲಿ ಅಧ್ಯಕ್ಷರೇ ಒಂದು ದಿನ ಫೋನ್ ಮಾಡಿ "ವಿಳಾಸದ ಕಾಲಂ ಎರಡು ಮಾಡಿಬಿಡಪ್ಪ" ಅಂದ್ರು. ಅವನು ಹೇಳಿದ್ದು: "ಮಾಡೋಣ ಸರ್, ಆದ್ರೆ ಹಳೆಯ ಸಾಲುಗಳಿಗೆ ಏನು ಮಾಡೋಣ? ಡ್ರೈವರ್ ಅಣ್ಣನ್ನ ಒಂದು ಮಾತು ಕೇಳಿ ಹೇಳ್ತೀನಿ." ಅಧ್ಯಕ್ಷರು ಭಾನುವಾರದವರೆಗೆ ಕಾದರು.